ಟಿವಿ ಮುಂದೆ ಕೂತವರಿಗೆ ಉಪ್ಪು ಕಮ್ಮಿ

ಕ್ಯಾಲಮ್ ಹ್ಯಾನ್‌ಗೆ ಮೋಸ ಆಗಿದೆ. ಇದು ನನ್ನ ಮಾತಲ್ಲ, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನ ತೀರ್ಪು. 2025ರ ಆಗಸ್ಟ್‌ನಲ್ಲಿ ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ ಅನ್ನೋ ಟಿವಿ ಅಡುಗೆ ಸ್ಪರ್ಧೆಯ ಫಿನಾಲೆ ಮುಗಿದು, ಕ್ಯಾಲಮ್ ಸೋತು ಲಾರಾ ಶರಾಡ್ ಗೆದ್ದಳಲ್ಲ, ಆವತ್ತು ಹೊರಬಿದ್ದ ತೀರ್ಪು. ನೀರಿನ ಟ್ಯಾಂಕರ್ ಬಾರದ ದಿನವೂ ಬಾಯಿ ಬಿಡದವರು ಆವತ್ತು ಮಾತಾಡಿದರು. ಲಿಫ್ಟ್ ಕೆಟ್ಟಾಗ ಹೆಬ್ಬೆರಳು ತೋರಿಸಿ ಸುಮ್ಮನಾಗುವವರು ಪ್ಯಾರಾಗಟ್ಟಲೆ ಬರೆದರು.

'ಅವಳಿಗೆ ಪಾಸ್ತಾ ಬಿಟ್ರೆ ಬೇರೆ ಏನು ಬರುತ್ತೆ?' ಅಂದರು ಒಬ್ಬರು. ಇದು ಹಳೇ ಕೇಸು. 2020ರಲ್ಲಿ ಲಾರಾ ಫಿನಾಲೆಯಲ್ಲಿ ಸೋತಾಗಲೂ ಜನ ಇದನ್ನೇ ಹೇಳಿದ್ದರು. ಲಾಕ್‌ಡೌನ್‌ನಲ್ಲಿ ನಾವೆಲ್ಲ ಮನೆಯಲ್ಲಿ ಕೂತು ಮ್ಯಾಗಿ ಬೇಯಿಸುತ್ತಾ ಅವಳ ಪಾಸ್ತಾ ಅತಿಯಾಯಿತು ಅಂತ ಗೊಣಗುತ್ತಿದ್ದೆವು. ಇನ್ನೊಬ್ಬರ ಪ್ರಕಾರ ಈ ಸೀಸನ್ನಿನ ಮೀನೆಲ್ಲ ಒಂಚೂರು ಜಾಸ್ತಿ ಬೆಂದಿತ್ತು. ಇವರು ಹುಟ್ಟು ಸಸ್ಯಾಹಾರಿ. ಮನೆಯೊಳಗೆ ಬೆಳ್ಳುಳ್ಳಿಗೂ ಪ್ರವೇಶ ಇಲ್ಲ. ಮತ್ತೊಬ್ಬರು 'ಸಾಸ್‌ನಲ್ಲಿ ಉಪ್ಪು ಕಮ್ಮಿ ಇತ್ತು, ನೋಡಿದ್ರೇ ಗೊತ್ತಾಗುತ್ತೆ' ಅಂದರು. ಇದಕ್ಕೆ ನಾನು ಮನಸಾರೆ ಕೈಮುಗಿದೆ. ಕುರುಕ್ಷೇತ್ರವನ್ನು ಕೂತಲ್ಲೇ ನೋಡಿದ ಸಂಜಯನಿಗೂ ದಿವ್ಯದೃಷ್ಟಿ ಮಾತ್ರ ಇತ್ತು. ದಿವ್ಯನಾಲಿಗೆ ಇರಲಿಲ್ಲ.

ನಿಜ ಹೇಳಬೇಕಂದ್ರೆ ಅಲ್ಲಿ ಕೂತ ತೀರ್ಪುಗಾರರ ಕಥೆಯೂ ಅಷ್ಟು ಸಲೀಸಲ್ಲ. ತಟ್ಟೆಯನ್ನು ಚೆಂದ ಮಾಡಿ, ಎಲ್ಲ ಕಡೆಯಿಂದ ಶೂಟ್ ಮಾಡಿ ಮುಗಿಸೋ ಹೊತ್ತಿಗೆ ಅದು ತಣ್ಣಗಾಗಿರುತ್ತೆ. ಅದಕ್ಕೇ ಅವರು ಅಡುಗೆ ನಡೀತಿರುವಾಗಲೇ ಬಾಣಲೆ ಹತ್ತಿರ ಹೋಗಿ ರುಚಿ ನೋಡಿರ್ತಾರೆ. ಅಂದರೆ ತಿಂದವರೂ ಬಿಸಿಬಿಸಿ ತಿಂದಿರೋದು ಕ್ಯಾಮೆರಾ ಆಚೆ. ನಮಗೆ ಕಾಣೋದು ಚಮಚ, ಕಣ್ಣುಮುಚ್ಚಿದ ಮುಖ, ಆಮೇಲೆ ಒಂದು ದೊಡ್ಡ ಮೌನ, ಆಮೇಲೆ ಜಾಹೀರಾತು. ಇಷ್ಟರಲ್ಲೇ ನಮ್ಮ ಗುಂಪಿನವರು ಉಪ್ಪು ಅಳೆದರು.

ಇಲ್ಲಿ ನನಗೆ ಭೀಮ ನೆನಪಾಗುತ್ತಾನೆ. ವಿರಾಟನ ಅಡುಗೆಮನೆಯಲ್ಲಿ ಒಂದು ವರ್ಷ ಬಲ್ಲವ ಅಂತ ಹೆಸರಿಟ್ಟುಕೊಂಡು ಇದ್ದನಲ್ಲ, ಅವನು ಈ ಸ್ಪರ್ಧೆಗೆ ಹೋಗಿದ್ದರೆ ಮೊದಲ ವಾರವೇ ಮನೆಗೆ. ಪ್ಲೇಟಿಂಗ್ ಬರಲ್ಲ. ಅರಮನೆಗೆ ಬಡಿಸಿ ಅಭ್ಯಾಸ ಆದವನಿಗೆ ತಟ್ಟೆ ಮಧ್ಯೆ ಮೂರು ಚಮಚ ಇಡಿ ಅಂದ್ರೆ ಕೋಪ ಬರುತ್ತೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. 'ಈ ಅಡುಗೆ ಹಿಂದಿನ ನಿಮ್ಮ ಕಥೆ ಏನು?' ಅಂತ ತೀರ್ಪುಗಾರರು ಕೇಳ್ತಾರೆ. ಪಾಪ, ಅಜ್ಞಾತವಾಸ. ಕಥೆ ಇದೆ, ಕಣ್ಣೀರೂ ಇದೆ, ಹೇಳೋ ಹಾಗಿಲ್ಲ. ಕಥೆ ಹೇಳದವನು ಫಿನಾಲೆ ಮುಟ್ಟೋದುಂಟೇ?

ಕ್ಯಾಲಮ್ ವಿಷಯಕ್ಕೆ ಬರೋಣ. ಆತ ಫಿನಾಲೆಯಲ್ಲಿ ಸೋತಿದ್ದು ಇದೇ ಮೊದಲಲ್ಲ. 2010ರಲ್ಲಿ ಆಡಮ್ ಲಿಯಾ ಎದುರು ಸೋತಿದ್ದ. ಆ ರಾತ್ರಿಯ ಮಹಿಮೆ ಕೇಳಿ. ಆಸ್ಟ್ರೇಲಿಯಾದಲ್ಲಿ ಚುನಾವಣೆ ಹತ್ತಿರ ಬಂದಿತ್ತು. ಪ್ರಧಾನಿ ಜೂಲಿಯಾ ಗಿಲ್ಲಾರ್ಡ್ ಮತ್ತು ವಿರೋಧ ಪಕ್ಷದ ಟೋನಿ ಅಬಾಟ್ ನಡುವಿನ ಟಿವಿ ಚರ್ಚೆಯೂ ಅದೇ ಭಾನುವಾರ, ಜುಲೈ 25. ಮಾಸ್ಟರ್‌ಶೆಫ್ ಫಿನಾಲೆಗೆ ಅಡ್ಡಿ ಆಗಬಾರದು ಅಂತ ಚರ್ಚೆಯನ್ನೇ ಒಂದು ಗಂಟೆ ಹಿಂದಕ್ಕೆ ತಂದು 6.30ಕ್ಕೆ ಇಟ್ಟರು. ದೇಶ ಆಳುವವರು ಬೇಗ ಬೇಗ ಮಾತು ಮುಗಿಸಿ ಎದ್ದರು, ಜನ ನೆಮ್ಮದಿಯಾಗಿ ಅಡುಗೆ ನೋಡಿದರು. ಎಂಥ ತಿಳುವಳಿಕಸ್ಥ ದೇಶ! ನಮ್ಮಲ್ಲೂ ರಾತ್ರಿ ಒಂಬತ್ತರ ನ್ಯೂಸ್ ಚಾನೆಲ್ ಕೂಗಾಟದ ಹೊತ್ತಿಗೆ ಯಾರಾದರೂ ಒಂದು ಫಿನಾಲೆ ಇಟ್ಟರೆ ಪುಣ್ಯ ಬರುತ್ತೆ.

ಅದಕ್ಕೂ ಹಿಂದೆ, 2009ರ ಮೊದಲ ಫಿನಾಲೆಯಲ್ಲಿ ಜೂಲಿ ಗುಡ್ವಿನ್ ಎದುರು ಪೋ ಲಿಂಗ್ ಯೋ ಸೋತಾಗಲೂ 'ಮೋಸ' ಅಂತ ಕೂಗಿದವರಿದ್ದರು. ಈಗ ಅದೇ ಪೋ ತೀರ್ಪುಗಾರ್ತಿ. ಈ ಸಲ ಕ್ಯಾಲಮ್‌ಗೆ ಅಂಕ ಕೊಟ್ಟವರಲ್ಲಿ ಆಕೆಯೂ ಒಬ್ಬಳು. ಮೋಸಹೋದವರಿಗೆ ಬಡ್ತಿ ಸಿಗುವ ಏಕೈಕ ಇಲಾಖೆ ಇದೇ ಇರಬೇಕು. ಕ್ಯಾಲಮ್ ಧೈರ್ಯವಾಗಿರಲಿ.

ಆದರೆ ನಮ್ಮ ಜನ ನಿಜವಾಗಿ ಮೈಮರೆತಿದ್ದು 2021ರಲ್ಲಿ. ಕಿಶ್ವರ್ ಚೌಧರಿ ಅನ್ನೋ ಬಾಂಗ್ಲಾ ಮೂಲದ ಹೆಣ್ಣುಮಗಳು ಫಿನಾಲೆಯಲ್ಲಿ ಪಾಂತಾ ಭಾತ್ ಮಾಡಿದಳು. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು ಬೆಳಗ್ಗೆ ತಿನ್ನುವುದು. ಜೊತೆಗೆ ಆಲೂಗಡ್ಡೆ ಭರ್ತಾ, ಮೀನು. ಅದಕ್ಕೆ ಅವಳು ಇಟ್ಟ ಇಂಗ್ಲಿಷ್ ಹೆಸರು ಸ್ಮೋಕ್ಡ್ ರೈಸ್ ವಾಟರ್. ಢಾಕಾದಲ್ಲೂ ಕೋಲ್ಕತ್ತದಲ್ಲೂ ಜನ ಕಣ್ಣೊರೆಸಿಕೊಂಡರು. ಒಡಿಶಾದವರು ಇದು ನಮ್ಮ ಪಖಾಳ ಅಂದರು. ಅಸ್ಸಾಂನವರು, ತಮಿಳರು, ಮಲಯಾಳಿಗಳು ಎಲ್ಲರೂ ತಮ್ಮ ತಮ್ಮ ಮಡಕೆ ಹಿಡಿದು ಬಂದರು. ನಮ್ಮವರು ಬಿಡ್ತಾರಾ? 'ಇದು ನಮ್ಮ ತಂಗಳನ್ನ ಕಣ್ರೀ! ನಮ್ಮಜ್ಜಿ ದಿನಾ ಕೊಡ್ತಿದ್ರು.' ತಣ್ಣಗಿನ ಅನ್ನ, ಒಂದಿಷ್ಟು ಹುಳಿ ಮಜ್ಜಿಗೆ, ಕಲ್ಲುಪ್ಪು, ಕೈಯಲ್ಲೇ ಹಿಚುಕಿದ ಹಸಿಮೆಣಸಿನಕಾಯಿ, ಕಚ್ಚಿಕೊಳ್ಳಲು ಈರುಳ್ಳಿ. ನೆನಪಿಸಿಕೊಂಡು ಎಲ್ಲರೂ ಉದ್ದುದ್ದ ಬರೆದರು. ಬರೆದು ಮುಗಿಸಿ ಸ್ವಿಗ್ಗಿಯಲ್ಲಿ ಪಿಜ್ಜಾ ತರಿಸಿಕೊಂಡರು.

ಅವಳು ಮೂರನೇ ಸ್ಥಾನಕ್ಕೆ ಬಂದಳು, 114 ಅಂಕ. ಪೀಟ್ ಕ್ಯಾಂಪ್‌ಬೆಲ್‌ಗೆ 124. ಗೆದ್ದ ಜಸ್ಟಿನ್ ನಾರಾಯಣ್‌ಗೆ 125. ಒಂದೇ ಒಂದು ಅಂಕ. ಆ ಒಂದು ಅಂಕಕ್ಕೆ ಪೀಟ್ ಕಡೆಯವರು ಕೊರಗಿದರು, ನಮ್ಮವರು ಕುಣಿದರು. ಯಾಕೆ ಅಂದ್ರೆ ಜಸ್ಟಿನ್ 'ನಮ್ಮ ಹುಡುಗ'. ಫಿಜಿ ಭಾರತೀಯರ ಮನೆಯವನು, ಬೆಳೆದಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. 1879ರಿಂದ ಬ್ರಿಟಿಷರು ನಮ್ಮ ಜನರನ್ನು ಹಡಗಿಗೆ ತುಂಬಿ ಫಿಜಿಯ ಕಬ್ಬಿನ ಗದ್ದೆಗಳಿಗೆ ಕೂಲಿಗೆ ಸಾಗಿಸಿದರಲ್ಲ, ಅಲ್ಲಿನ ಭಾರತೀಯರಲ್ಲಿ ಹೆಚ್ಚಿನವರು ಅವರ ಮೊಮ್ಮಕ್ಕಳು, ಮರಿಮಕ್ಕಳು. ಅವರು ಹೇಗಿದ್ದಾರೆ, ಏನು ತಿಂತಾರೆ ಅಂತ ನಾವು ಯಾವತ್ತೂ ಕೇಳಿದವರಲ್ಲ. 2,50,000 ಡಾಲರ್ ಬಹುಮಾನ ಬಂದ ಕೂಡಲೇ ರಕ್ತಸಂಬಂಧ ಉಕ್ಕಿತು.

ನಮ್ಮ ನೆಲದವನೂ ಗೆದ್ದ. ಮಂಗಳೂರಿನ ಮೊಹಮ್ಮದ್ ಆಶಿಕ್ 2023ರ ಡಿಸೆಂಬರಿನಲ್ಲಿ ಮಾಸ್ಟರ್‌ಶೆಫ್ ಇಂಡಿಯಾ ಗೆದ್ದ. ಜ್ಯೂಸ್ ಅಂಗಡಿ ನಡೆಸುತ್ತಿದ್ದ ಹುಡುಗ. ಅದರ ಹಿಂದಿನ ಸೀಸನ್ನಿಗೆ ಹೋಗಿ ಆಯ್ಕೆಯಾಗದೆ ವಾಪಸ್ ಬಂದು, ಮತ್ತೆ ಹೋಗಿ ಗೆದ್ದ. ಅವನಿಗೂ ನಾವು ಒಂದು ವಾರ ನಮ್ಮವನು, ನಮ್ಮವನು ಅಂದೆವು. ಒಂದು ವಾರ ಅಂದ್ರೆ ಜಾಸ್ತಿಯೇ ಆಯ್ತೇನೋ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಈಗ ತಮಾಷೆ ಬರ್ತಿಲ್ಲ. ಲಾರಾ ಗೆದ್ದ ಮರುವಾರವೇ ಗುಂಪಿನಲ್ಲಿ ಗಣೇಶ ಹಬ್ಬದ ಊಟದ ಮಾತು ಬಂತು. ಕೇಟರಿಂಗ್‌ನವರನ್ನು ಗೊತ್ತುಮಾಡಬೇಕು. ಕ್ಯಾಲಮ್‌ಗೆ ಅನ್ಯಾಯ ಆಯ್ತು ಅಂತ ಎರಡು ದಿನ ಹೋರಾಡಿದ ಯಜಮಾನರೇ ಮೊದಲು ಬರೆದರು: 'ಅಡುಗೆಯವರು ಯಾವ ಜನ ಅಂತ ಮೊದಲೇ ವಿಚಾರಿಸಿಬಿಡಿ.' ಕೆಳಗೆ ಸಾಲಾಗಿ ಹೆಬ್ಬೆರಳು. ಮಲೇಷ್ಯಾದಲ್ಲಿ ಹುಟ್ಟಿದ ಪೋ ಯಾವ ಜನ ಅಂತ ಇವರು ಕೇಳಿರಲಿಲ್ಲ. ಕಿಶ್ವರ್‌ಳ ತಂಗಳನ್ನಕ್ಕೆ ಕಣ್ಣೀರಿಟ್ಟ ಮನೆಯಲ್ಲೇ ಕೆಲಸದಾಕೆಗೆ ನಿನ್ನೆಯ ಅನ್ನ ಹಾಕೋ ತಟ್ಟೆ ಬೇರೆ ಇದೆ, ಸಿಂಕ್ ಕೆಳಗೆ, ಫಿನೈಲ್ ಬಾಟಲಿ ಪಕ್ಕ. ಅಲ್ಲಿ ಅದು ಪರಂಪರೆ ಅಲ್ಲ, ಚೆಲ್ಲೋ ಬದಲು ಕೊಟ್ಟಿದ್ದು.

ಊರ ಕಡೆ ಬೇರೆ ಇರುತ್ತೆ ಅಂದ್ಕೊಳ್ಳೋದು ಬೇಡ. ಅದೇ 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯ ಸುದ್ದಿ ಓದಿರ್ತೀರಿ. ಬಿಸಿಯೂಟಕ್ಕೆ ದಲಿತ ಮಹಿಳೆ ಮುಖ್ಯ ಅಡುಗೆಯವರಾಗಿ ಬಂದ ಮೇಲೆ ಮಕ್ಕಳು ಊಟ ಬಿಟ್ಟರು, ಆಮೇಲೆ ಶಾಲೆಯನ್ನೇ ಬಿಟ್ಟರು ಅಂತ ವರದಿ. ಕಾರಣ ಕೇಳಿದರೆ ಪಾಠ ಸರಿಯಿಲ್ಲ ಅಂದವರೂ ಇದ್ದರು. ಇರಲಿ, ಪಾಠ ಸರಿಯಿಲ್ಲ ಅನ್ನೋದು ಅಡುಗೆಮನೆಯಲ್ಲಿ ಯಾರಿದ್ದಾರೆ ಅಂತ ನೋಡಿದ ಮೇಲೆಯೇ ಗೊತ್ತಾಯ್ತೇನೋ. ಆ ಕೆಲಸಕ್ಕೆ ತಿಂಗಳಿಗೆ 5,000 ರೂಪಾಯಿಯೂ ಮುಟ್ಟದ ದುಡ್ಡು. ಅದಕ್ಕೆ ಸರ್ಕಾರ ಇಟ್ಟ ಹೆಸರು ಗೌರವಧನ.

ಬಿಸಿಯೂಟದಲ್ಲೂ ತೀರ್ಪುಗಾರರಿದ್ದಾರೆ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಅಂತ ನಿಯಮವೇ ಇದೆ. ಒಬ್ಬ ಮೇಷ್ಟ್ರು ಸೌಟಿನಿಂದ ಒಂದಿಷ್ಟು ಸಾರು ಅಂಗೈಗೆ ಹಾಕಿಸಿಕೊಂಡು, ನೆಕ್ಕಿ ನೋಡಿ, 'ಸರಿಯಾಗಿದೆ ಕಣಮ್ಮಾ, ಬಡಿಸು' ಅನ್ನುತ್ತಾರೆ. ಅದನ್ನು ಯಾರೂ ಶೂಟ್ ಮಾಡಲ್ಲ. ಬಡಿಸೋಣ ಅಂದ್ರೆ ಪಂಕ್ತಿಯಲ್ಲಿ ಮಕ್ಕಳಿಲ್ಲ.