ಜರ್ಮನಿಯಲ್ಲಿ ಓದು 'ಪೂರ್ತಿ ಫ್ರೀ' ಅನ್ನೋ ಮೆಸೇಜು ಸರಿಯಿಲ್ಲ

"ಜರ್ಮನಿಯಲ್ಲಿ ಓದು ಪೂರ್ತಿ ಫ್ರೀ, ದುಡ್ಡು ತೋರಿಸಬೇಕಿಲ್ಲ, ಸೀಟು ಸಿಕ್ಕರೆ ವೀಸಾ ಗ್ಯಾರಂಟಿ" ಅನ್ನೋ ಮೆಸೇಜು ಕಾಲೇಜು ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದನ್ನು ನಂಬಿ ಯಾರೂ ಅಡ್ವಾನ್ಸ್ ಕಟ್ಟಬೇಡಿ.

ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಅದು ನಿಜ. ಆದರೆ ಸ್ಟುಟ್‌ಗಾರ್ಟ್, ಹೈಡಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ನಮ್ಮಂಥ ಹೊರಗಿನವರಿಂದ 2017ರಿಂದಲೇ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ (ಟಿಯುಎಂ) ಕೂಡ 2024ರಿಂದ ಹೊರಗಿನಿಂದ ಬರುವ ಹೊಸಬರಿಗೆ ಶುಲ್ಕ ಹಾಕಿದೆ.

ದೊಡ್ಡ ತಪ್ಪು ದುಡ್ಡು ತೋರಿಸುವ ವಿಷಯದಲ್ಲಿದೆ. ಸ್ಕಾಲರ್‌ಶಿಪ್ಪೋ, ಜರ್ಮನಿಯಲ್ಲೇ ಇರುವವರ ಅಧಿಕೃತ ಜಾಮೀನೋ ಇಲ್ಲದಿದ್ದರೆ, ಸಾಮಾನ್ಯವಾಗಿ ವೀಸಾಕ್ಕೆ ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ಮಾತ್ರ ತೆಗೆಯಬಹುದಾದ ಖಾತೆ) ಒಂದು ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ಅಂದರೆ ಹತ್ತು ಲಕ್ಷ ರೂಪಾಯಿಗೂ ಜಾಸ್ತಿ. ಅದು ಶುಲ್ಕ ಅಲ್ಲ, ನಿಮ್ಮದೇ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಪಾರ್ಟ್‌ಟೈಮ್ ಕೆಲಸ ಮಾಡಿ ಹೊಂದಿಸೋಣ ಅಂದರೆ ಆಗಲ್ಲ, ಯಾಕಂದ್ರೆ ಇದು ವಿಮಾನ ಹತ್ತುವ ಮೊದಲಿನ ಮಾತು ಅಲ್ವಾ?

ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ 2022ರ ನವೆಂಬರ್‌ನಿಂದ ಬಹುತೇಕ ಎಲ್ಲರಿಗೂ ಕಡ್ಡಾಯ. ಸೀಟು ಸಿಕ್ಕ ಮಾತ್ರಕ್ಕೆ ವೀಸಾ ಸಿಗುವುದಿಲ್ಲ.

ಇವೆಲ್ಲ ಜರ್ಮನ್ ರಾಯಭಾರ ಕಚೇರಿ ಮತ್ತು ವಿಶ್ವವಿದ್ಯಾಲಯಗಳ ವೆಬ್‌ಸೈಟಿನಲ್ಲೇ ಇವೆ. ಮೊತ್ತ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ದಿನ ಮತ್ತೆ ನೋಡಿಕೊಳ್ಳಿ. ಆ ಮೆಸೇಜು ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಆಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.