ಮಾವನ ಗೊರಕೆ ಮತ್ತು ರಜೆ ಹಾಕುವ ಸ್ನಾಯು

ರಾತ್ರಿ ಮೂರು ಗಂಟೆಗೆ ಎದ್ದು ಕೂತು ನಾಲಿಗೆಯ ಸ್ನಾಯುಗಳ ಬಗ್ಗೆ ಓದುವ ಗತಿ ಯಾರಿಗೂ ಬರಬಾರದು. ನನಗೆ ನಿನ್ನೆ ಬಂತು. ಕಾರಣ ನಮ್ಮ ಸೋದರಮಾವ. ಜಮೀನಿನ ಕೇಸು ಹೈಕೋರ್ಟಿಗೆ ಬಂದಾಗಿನಿಂದ, ವಾಯಿದೆ ಇದ್ದಾಗಲೆಲ್ಲ ಹಿಂದಿನ ದಿನ ಸಂಜೆಯೇ ತಿಪಟೂರಿನಿಂದ ಬಂದು ನಮ್ಮ ಹಾಲ್‌ನ ದಿವಾನ್ ಮೇಲೆ ಮಲಗುತ್ತಾರೆ. ಬೆಂಗಳೂರಿನ ಒನ್ ಬಿಎಚ್‌ಕೆ ಮನೆಯಲ್ಲಿ ಹಾಲ್‌ನ ಸದ್ದು ಹಾಲ್‌ನಲ್ಲೇ ಇರುತ್ತಾ?

ಗೊರಕೆಯನ್ನಾದರೂ ಸಹಿಸಬಹುದು. ಅದು ನಡುವೆ ನಿಂತುಬಿಡುತ್ತದಲ್ಲ, ಅದೇ ಕಷ್ಟ. ಇಷ್ಟು ಹೊತ್ತು ಯಾವಾಗ ನಿಲ್ಲುತ್ತೋ ಅಂತ ಬೈಯುತ್ತಿದ್ದವನು, ನಿಂತ ತಕ್ಷಣ ಉಸಿರು ಬಿಗಿಹಿಡಿದು ಕಿವಿಗೊಡುತ್ತೇನೆ. ಇದ್ದಾರಾ? ಎದ್ದು ಹೋಗಿ ನೋಡಲಾ? ಅಷ್ಟರಲ್ಲಿ 'ಘೊರ್‌ರ್' ಅಂತ ಒಂದು ಭಾರೀ ಉಸಿರು ಎಳೆದು ಮತ್ತೆ ಶುರು. ನನ್ನ ಎದೆ ಡವಡವ, ಅವರು ಆರಾಮು.

ಇದಕ್ಕೆಲ್ಲ ಮೂಲ ಜೀನಿಯೋಗ್ಲಾಸಸ್ ಅನ್ನೋ ಸ್ನಾಯುವಂತೆ. ನಾಲಿಗೆಯ ಎಂಟು ಬಗೆಯ ಸ್ನಾಯುಗಳಲ್ಲಿ ಇದೇ ದೊಡ್ಡದು. ಕೆಳದವಡೆಯ ಒಳಗೆ, ಗದ್ದದ ಹಿಂಭಾಗದಲ್ಲಿ ಹುಟ್ಟಿ, ಬೀಸಣಿಗೆಯ ಹಾಗೆ ಅಗಲವಾಗಿ ನಾಲಿಗೆಯ ತುದಿಯಿಂದ ಬುಡದವರೆಗೂ ಹರಡುತ್ತದೆ. ನಾಲಿಗೆಯನ್ನು ಮುಂದಕ್ಕೆ ಎಳೆಯುವುದು ಇದರ ಕೆಲಸ. ಡಾಕ್ಟರಿಗೆ ನಾಲಿಗೆ ತೋರಿಸೋದು, ಮಕ್ಕಳು ಅಣಕಿಸೋದು ಎಲ್ಲ ಇದರ ದಯೆ. ನಿದ್ದೆ ಬಂದಾಗ ಇದು ಸಡಿಲವಾಗುತ್ತದೆ. ಅಂಗಾತ ಮಲಗಿದ್ದರಂತೂ ನಾಲಿಗೆ ತನ್ನ ಭಾರಕ್ಕೇ ಗಂಟಲ ಕಡೆ ಜಾರುತ್ತದೆ. ದಾರಿ ಕಿರಿದಾಗಿ, ನುಗ್ಗುವ ಗಾಳಿಗೆ ಅಂಗುಳದ ಹಿಂಭಾಗ, ಕಿರುನಾಲಿಗೆ ಎಲ್ಲ ಅದುರುತ್ತವೆ. ಅದೇ ಗೊರಕೆ. ದಾರಿ ಪೂರ್ತಿ ಮುಚ್ಚಿದರೆ ಆ ಮೌನ. ಆಮೇಲೆ ಮೆದುಳು ಗಾಬರಿಯಾಗಿ ಅರೆಬರೆ ಎಚ್ಚರಗೊಂಡು ಸ್ನಾಯುವನ್ನು ಎಬ್ಬಿಸುತ್ತದೆ, 'ಘೊರ್‌ರ್'. ಹಗಲೆಲ್ಲ ಕೇಸಿನ ಕಥೆ ಹೇಳುತ್ತಾ ಒಂದು ನಿಮಿಷ ಸುಮ್ನಿರದ ನಾಲಿಗೆ, ರಾತ್ರಿ ಮಾತ್ರ ರಜೆ ಹಾಕಿ ನನ್ನ ನಿದ್ದೆ ಕೆಡಿಸುತ್ತದೆ!

ಬೆಳಿಗ್ಗೆ ಹೇಳಿದರೆ ಒಪ್ಪುತ್ತಾರಾ? "ನಾನು ಗೊರಕೆ ಹೊಡೆಯೋನೇ ಅಲ್ಲ ಕಣೋ. ನಿದ್ದೇನೇ ಬರಲಿಲ್ಲ, ಬರೀ ಕಣ್ಣು ಮುಚ್ಚಿಕೊಂಡಿದ್ದೆ." ಸಾಕ್ಷಿ ಇಲ್ಲದೆ ಇವರ ಹತ್ತಿರ ವಾದ ಮಾಡಬಾರದು ಅಂತ ನಿನ್ನೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಇವತ್ತು ಕಾಫಿ ಲೋಟ ಕೈಗೆ ಕೊಟ್ಟು ಜೋರಾಗಿ ಹಾಕಿದೆ. ಮಾವ ಕನ್ನಡಕ ಸರಿ ಮಾಡಿಕೊಂಡು, ಕೇಳೋದಕ್ಕೂ ಕನ್ನಡಕ ಬೇಕೇನೋ ಅನ್ನುವ ಹಾಗೆ ಗಮನ ಕೊಟ್ಟು ಕೇಳಿದರು. ಒಂದು ಗುಟುಕು ಕುಡಿದರು. ಮತ್ತೆ ಕೇಳಿದರು. ಕೊನೆಗೆ ಕಿಟಕಿ ಕಡೆ ನೋಡಿ, "ಪಕ್ಕದ ರೋಡಲ್ಲಿ ಬೋರ್‌ವೆಲ್ ಕೊರೆಸ್ತಿದಾರೇನೋ? ಎಷ್ಟು ಅಡಿಗೆ ನೀರು ಬಂತಂತೆ?" ಅಂದರು. ಇದು ನಿಮ್ಮದೇ ಮಾವ ಅಂದೆ. "ನಂದು ಅನ್ನೋಕೆ ಏನಪ್ಪಾ ದಾಖಲೆ? ಅದರಲ್ಲಿ ನನ್ನ ಹೆಸರಿದೆಯಾ? ಮೊದಲು ನಿನ್ನ ಕಿವಿ ತೋರಿಸಿಕೋ." ಕೋರ್ಟು ಅಲೆದೂ ಅಲೆದೂ ಇಷ್ಟು ಕಲಿತಿದ್ದಾರೆ.

ಅತ್ತೆ ಇದ್ದಾಗ ಈ ರಗಳೆ ಇರಲಿಲ್ಲ. ನಿದ್ದೆಗಣ್ಣಲ್ಲೇ ಮೊಣಕೈಯಿಂದ ತಿವಿದು "ಮಗ್ಗುಲಾಗ್ರೀ" ಅನ್ನೋರು. ಮಾವ ಎಚ್ಚರವಾಗದೆಯೇ ಹೊರಳೋರು. ಮಗ್ಗುಲಾದರೆ ನಾಲಿಗೆ ಅಷ್ಟಾಗಿ ಹಿಂದೆ ಬೀಳಲ್ಲ. ಅತ್ತೆ ಯಾವ ಅನಾಟಮಿಯನ್ನೂ ಓದಿದವರಲ್ಲ. ಈಗ ತಿಪಟೂರಿನ ಆ ಮನೆಯಲ್ಲಿ ತಿವಿಯೋರು ಯಾರೂ ಇಲ್ಲ.

ಗಂಟಲ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟರೆ ಗುಣವಾದೀತು ಅಂತ ಸ್ವಿಟ್ಜರ್‌ಲೆಂಡಿನಲ್ಲಿ ಕೆಲವರು ಗೊರಕೆಯವರ ಕೈಲಿ ಡಿಜರಿಡೂ ಊದಿಸಿ ನೋಡಿದರಂತೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಉದ್ದನೆಯ ಮರದ ಕೊಳವೆ ಅದು. ನಾಲ್ಕು ತಿಂಗಳು ಊದಿದವರಿಗೆ ತೊಂದರೆ ಕಡಿಮೆಯಾಯಿತು, ಮನೆಯವರೂ ಚೆನ್ನಾಗಿ ಮಲಗಿದರು. 2006ರಲ್ಲಿ ಅದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. 2017ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಕೂಡ ಬಂತು, ಅದೂ ಶಾಂತಿ ವಿಭಾಗದಲ್ಲಿ! ಮಾವನ ಕೈಗೆ ಅದನ್ನು ಕೊಟ್ಟರೆ ರಾತ್ರಿ ಶಾಂತಿ ಸಿಗಬಹುದು, ಹಗಲು ಅಪಾರ್ಟ್‌ಮೆಂಟಿನವರು ನಮ್ಮನ್ನು ಖಾಲಿ ಮಾಡಿಸುತ್ತಾರೆ.

ತಮಾಷೆ ಇರಲಿ, ಉಸಿರು ನಿಲ್ಲೋದು ಒಳ್ಳೇದಲ್ಲ, ತೋರಿಸಲೇಬೇಕು. ಇಎನ್‌ಟಿ ಡಾಕ್ಟರ ಹತ್ತಿರ ನಾಡಿದ್ದಿಗೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ. ನನ್ನ ಕಿವಿ ತೋರಿಸಬೇಕು, ಜೊತೆಗೆ ಬನ್ನಿ ಮಾವ ಅಂದೆ.

"ಸದ್ಯ, ಈಗಲಾದ್ರೂ ಬುದ್ಧಿ ಬಂತಲ್ಲ," ಅಂದರು. ಖುಷಿಯಿಂದ ಇನ್ನೆರಡು ದಿನ ಇಲ್ಲೇ ಉಳೀತಾರಂತೆ.