ಗರಿಕೆ ಕೇಳಿದೆ, ಜೇಕು ಬಿತ್ತಿ ಹೋದ

ಗೌರಿ ಹಬ್ಬದ ಹಿಂದಿನ ದಿನ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಒಂದು ಕಟ್ಟು ಗರಿಕೆಗೆ ದುಡ್ಡು ಕೊಡುವಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಈ ವರ್ಷ ಗಣಪತಿಗೆ ನಮ್ಮ ಅಂಗಳದ ಗರಿಕೆಯನ್ನೇ ಏರಿಸೋಣ ಎಂದು ಅತ್ತೆಗೆ ಮಾತು ಕೊಟ್ಟಿದ್ದೆ. ಜೂನ್‌ನಲ್ಲೇ ಬೀಜ ಬಿತ್ತಿಸಿಯೂ ಆಗಿತ್ತು. ಈಗ ಅಂಗಳದ ತುಂಬ ಇರುವುದು ಜೇಕು ಎಂಬ ಕಳೆ. ಬರೀ ಜೇಕು.

ಮನೆಯ ಮುಂದಿನ ಜಾಗ 600 ಚದರಡಿ. ಹುಲ್ಲುಹಾಸು ಮಾಡಿಕೊಡುತ್ತೇನೆಂದು ಬಂದ ಗುತ್ತಿಗೆದಾರ 18,000 ರೂಪಾಯಿ ಹೇಳಿದ. ಚೌಕಾಶಿ ಮಾಡದೆ ಒಪ್ಪಿದೆ. ಮೆಕ್ಸಿಕನ್ ಹುಲ್ಲಿನ ಚಾಪೆ ಹಾಸಿಬಿಡೋಣ ಎಂದ. ಬೇಡಪ್ಪ, ಅತ್ತೆ ಬರಿಗಾಲಲ್ಲಿ ಓಡಾಡಬೇಕು, ಪೂಜೆಗೂ ಆಗಬೇಕು, ಗರಿಕೆಯ ಬೀಜವನ್ನೇ ಬಿತ್ತು ಎಂದೆ. ಅಂಗಡಿಯಲ್ಲಿ ಬರ್ಮುಡಾ ಎಂದು ಮಾರುವ ಬೀಜ ನಮ್ಮ ಗರಿಕೆಯದೇ. ಎಷ್ಟು ದಿನ ಹಿಡಿದರೂ ಸರಿ, ನೆಲವನ್ನು ಮಾತ್ರ ಚೆನ್ನಾಗಿ ಹದ ಮಾಡು ಎಂದು ಕೈಮುಗಿದು ಹೇಳಿದ್ದೆ.

ಎರಡೇ ದಿನದಲ್ಲಿ ಮುಗಿಸಿಬಿಟ್ಟ! ಒಂದು ಗೇಣು ಅಗೆದು, ಕಲ್ಲು ಆರಿಸಿ, ಮಣ್ಣನ್ನು ಜರಡಿ ಹಿಡಿಯಬೇಕಿತ್ತು. ಮನೆ ಕಟ್ಟುವಾಗ ಹೂತುಹೋದ ಸಿಮೆಂಟಿನ ಹೆಂಟೆ, ಟೈಲ್ಸ್ ಚೂರುಗಳನ್ನು ತೆಗೆಸಬೇಕಿತ್ತು. ಅವನು ಮೇಲೆ ಮೇಲೆ ಸಲಿಕೆ ಆಡಿಸಿ, ಅದರ ಮೇಲೆ ಒಂದು ಟ್ರ್ಯಾಕ್ಟರ್ ಮಣ್ಣು ಸುರಿಸಿದ. ಒಳ್ಳೆಯ ಕೆಮ್ಮಣ್ಣು ಎಂದ. ಯಾವ ಖಾಲಿ ನಿವೇಶನದಿಂದ ಕೆರೆದು ತಂದನೋ! ಹೊಸ ಮಣ್ಣಿಗೆ ನೀರು ಹಾಕಿ ಮೂರು ವಾರ ಸುಮ್ಮನೆ ಬಿಡಬೇಕು, ಒಳಗಿರುವ ಕಳೆ ಹುಟ್ಟಿ ಬರುತ್ತದೆ, ಅದನ್ನು ಕಿತ್ತ ಮೇಲೆ ಬಿತ್ತಬೇಕು. ನಾನು ಇದನ್ನು ಕೇಳಿದ್ದಕ್ಕೆ, “ಮಳೆ ಬಂದರೆ ಎಲ್ಲ ಸರಿಹೋಗುತ್ತದೆ ಮೇಡಂ” ಎಂದ. ಅಂದು ಬಾಯಿ ಮುಚ್ಚಿಕೊಂಡಿದ್ದಕ್ಕೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಬಿತ್ತನೆಯಾದರೂ ನೆಟ್ಟಗೆ ಮಾಡಿದನೇ? ಗರಿಕೆಯ ಬೀಜ ತೀರಾ ಸಣ್ಣದು. ಸಣ್ಣ ಮರಳಿನಲ್ಲಿ ಬೆರೆಸಿ, ಅರ್ಧವನ್ನು ಉದ್ದಕ್ಕೆ, ಇನ್ನರ್ಧವನ್ನು ಅಡ್ಡಕ್ಕೆ ಚೆಲ್ಲಬೇಕು. ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಹಲಗೆಯಿಂದ ಒತ್ತಿ, ಹನಿಹನಿಯಾಗಿ ನೀರು ಚಿಮುಕಿಸಬೇಕು. ಈ ಮಹಾಶಯ ಹಿಡಿ ಹಿಡಿಯಾಗಿ ಎರಚಿ, ಪೈಪ್ ತಿರುಗಿಸಿ ಜೋರಾಗಿ ನೀರು ಬಿಟ್ಟ. ನೆಲ ಮಟ್ಟವಾಗಿರಲಿಲ್ಲವಲ್ಲ, ಬೀಜವೆಲ್ಲ ಕೊಚ್ಚಿಕೊಂಡು ಹೋಗಿ ಕಾಂಪೌಂಡಿನ ಮೂಲೆ ಸೇರಿತು. ಹನ್ನೆರಡು ದಿನದ ಮೇಲೆ ಆ ಮೂಲೆಯಲ್ಲಿ ಒಂದು ಮೊಳ ಉದ್ದದ ಜಾಗದಲ್ಲಿ, ಕೂದಲಿನಷ್ಟು ತೆಳ್ಳಗೆ, ಒತ್ತೊತ್ತಾಗಿ ಹಸಿರು ಕಂಡಿತು. ನಾಲ್ಕೇ ದಿನದಲ್ಲಿ ಅದೂ ಕೊಳೆತುಹೋಯಿತು.

ಉಳಿದ ಕಡೆ ಚೂಪಾದ, ಹೊಳೆಯುವ ಎಲೆಗಳು ಎದ್ದವು. ಮೊದಲ ದಿನ ಗರಿಕೆಯೆಂದೇ ಅಂದುಕೊಂಡು ಅತ್ತೆಯನ್ನು ಕರೆದು ತೋರಿಸಿದೆ. ಅವರು ಒಂದು ಕಡ್ಡಿ ಕಿತ್ತು ಬೆರಳಿನಲ್ಲಿ ಹೊರಳಿಸಿದರು. “ಮೂರು ಮೂಲೆ ಇದೆಯಲ್ಲಮ್ಮ, ಇದು ಜೇಕು” ಎಂದರು.

ಜೇಕಿನ ಸಂಗತಿ ಹೊಲ ಮಾಡಿದವರಿಗೆ ಗೊತ್ತು. ಕಿತ್ತರೆ ಎಲೆ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಹಾರೆಯಿಂದ ಮೀಟಿದರೆ ಕಡಲೆಕಾಯಿ ಗಾತ್ರದ ಕಪ್ಪು ಗಡ್ಡೆ, ಅದರಿಂದ ಹೊರಟ ದಾರದಂಥ ಬೇರು, ಆ ದಾರದ ತುದಿಯಲ್ಲಿ ಮತ್ತೊಂದು ಗಡ್ಡೆ. ದಾರ ಕಡಿದರೆ ಸಾಯುವುದಿಲ್ಲ, ಮಲಗಿದ್ದ ಗಡ್ಡೆಯೂ ಎದ್ದು ಚಿಗುರುತ್ತದೆ. ಆಯುರ್ವೇದದವರಿಗೆ ಇದೇ ಭದ್ರಮುಷ್ಟಿ, ಒಳ್ಳೆಯ ಔಷಧಿಯೇ ಇರಬಹುದು. ನಾನು ಔಷಧಿ ಬೆಳೆಯಲು ಹೊರಟಿರಲಿಲ್ಲ! ಎರಡು ತಿಂಗಳಿಂದ ದಿನ ಬೆಳಗ್ಗೆ ಕುಕ್ಕರಗಾಲಲ್ಲಿ ಕೂತು ಕೀಳುತ್ತಿದ್ದೇನೆ. ಬಕೆಟ್ ತುಂಬುತ್ತದೆ, ನೆಲ ಬರಿದಾಗುವುದಿಲ್ಲ.

ಹತ್ತು ಸಲ ಫೋನ್ ಮಾಡಿದ ಮೇಲೆ ನಿನ್ನೆ ಗುತ್ತಿಗೆದಾರ ಎತ್ತಿದ. ಕ್ಷಮೆಯ ಒಂದು ಮಾತಿಲ್ಲ. ಕಳೆನಾಶಕ ಹೊಡೆಸಿಕೊಡುತ್ತೇನೆ, ಅದಕ್ಕೆ ಬೇರೆ 4,000 ಆಗುತ್ತದೆ ಎಂದ. ಅತ್ತೆ ಬರಿಗಾಲಿಡಬೇಕಾದ ನೆಲಕ್ಕೆ ವಿಷ ಹೊಡೆಯಲು ನಾನೇ ದುಡ್ಡು ಕೊಡಬೇಕೇ? ಒಂದು ಪೈಸೆಯನ್ನೂ ಕೊಡುವುದಿಲ್ಲ. ಮೊದಲು ಬಂದು ತಾನು ಸುರಿದ ಆ ಒಂದು ಟ್ರ್ಯಾಕ್ಟರ್ ಮಣ್ಣನ್ನು ತುಂಬಿಕೊಂಡು ಹೋಗಲಿ.